ಮನೆಪಟ್ಟಿಯ ದರ ಯಾರ ಕೈಯಲ್ಲಿದೆ?

ಹುಬ್ಬಳ್ಳಿ-ಧಾರವಾಡದ ಕಡೆ ಆಸ್ತಿ ತೆರಿಗೆಗೆ ಜನರ ಬಾಯಲ್ಲಿರುವ ಹೆಸರು ಮನೆಪಟ್ಟಿ. ನಮ್ಮಲ್ಲಿ ತೆರಿಗೆ ಪಾವತಿಸುವುದಿಲ್ಲ, ಪಟ್ಟಿ ತುಂಬುತ್ತೇವೆ. ಇದೇ ‘ಪಟ್ಟಿ’ ಎಂಬ ಮಾತು ಓಣಿಯ ಗಣಪತಿಗೂ ಊರ ಜಾತ್ರೆಗೂ ಸಲ್ಲುತ್ತದೆ. ಗಣಪತಿ ಪಟ್ಟಿ ಎತ್ತುವ ಕ್ರಮ ಎಲ್ಲರಿಗೂ ಗೊತ್ತಿರುವುದೇ: ಮೊದಲು ಹಿರಿಯರು, ಹುಡುಗರು ಕೂತು ಪೆಂಡಾಲಿಗೆ ಎಷ್ಟು, ಮೂರ್ತಿಗೆ ಎಷ್ಟು, ಪ್ರಸಾದಕ್ಕೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಕೂಡಿಸಿದ ಮೊತ್ತವನ್ನು ಮನೆಗಳಿಗೆ ಹಂಚುತ್ತಾರೆ. ಅಂಗಡಿಯವರಿಗೆ ಸ್ವಲ್ಪ ಹೆಚ್ಚು, ಬಡವರಿಗೆ ಕೈಲಾದಷ್ಟು. ಹೆಚ್ಚಾಯಿತು ಎಂದವರು ಅಲ್ಲೇ ಜಗಳ ತೆಗೆಯುತ್ತಾರೆ, ಅಲ್ಲೇ ಬಗೆಹರಿಯುತ್ತದೆ.

ಮನೆಪಟ್ಟಿಯೂ ಹೀಗೇ ಹುಟ್ಟಬೇಕಿತ್ತು ಎಂದು ನಾನು ಅಂದುಕೊಂಡಿದ್ದೇನೆ. ಊರಿಗೆ ಈ ವರ್ಷ ಏನು ಬೇಕು ಎಂಬ ಪ್ರಶ್ನೆ ಮೊದಲು, ಅದಕ್ಕೆ ಯಾರು ಎಷ್ಟು ಕೊಡಬೇಕು ಎಂಬುದು ನಂತರ. ಅಮೆರಿಕದ ಎಷ್ಟೋ ಸಣ್ಣ ಊರುಗಳಲ್ಲಿ ಇಂದಿಗೂ ಕ್ರಮ ಹೆಚ್ಚುಕಡಿಮೆ ಹೀಗಿದೆ. ಊರ ಸಭೆ ಮೊದಲು ಆಯವ್ಯಯ ಒಪ್ಪುತ್ತದೆ. ಬೇರೆ ಆದಾಯ ಕಳೆದು ಉಳಿದ ಮೊತ್ತವನ್ನು ಊರಿನ ಒಟ್ಟು ಆಸ್ತಿ ಮೌಲ್ಯದಿಂದ ಭಾಗಿಸಿದರೆ ಬರುವ ಅಂಕಿಯೇ ಆ ವರ್ಷದ ದರ. ನಮ್ಮ ಪಾಲಿಕೆಯಲ್ಲಿ ದರ ಹುಟ್ಟುವ ದಾರಿ ಬೇರೆ. ನಮ್ಮ ಮನೆಪಟ್ಟಿಯ ನೂರೆಪ್ಪತ್ತು ವರ್ಷಗಳ ಚರಿತ್ರೆಯಲ್ಲಿ ‘ಎಷ್ಟು ಬೇಕು’ ಎಂಬ ಪ್ರಶ್ನೆ ಹಂತಹಂತವಾಗಿ ಹಿಂದೆ ಸರಿದು, ‘ಎಷ್ಟರವರೆಗೆ ಹಾಕಬಹುದು’ ಎಂಬ ಪ್ರಶ್ನೆ ಮುಂದೆ ಬಂದಿದೆ. ಈ ಬದಲಾವಣೆಯನ್ನೇ ಇಲ್ಲಿ ಹಿಂಬಾಲಿಸಿದ್ದೇನೆ.

ಪೇಶ್ವೆಯರ ಕಾಲದಲ್ಲಿ ಅಂಗಡಿ, ಕಸುಬು, ಮನೆಗಳ ಮೇಲೆ ಮೊಹತರ್ಫಾ ಎಂಬ ವಸೂಲಿ ಇತ್ತು. ಪೇಟೆಗೆ ಬರುವ ಸರಕಿನ ಮೇಲೆ ಸುಂಕಗಳಿದ್ದವು. 1817-18ರಲ್ಲಿ ಧಾರವಾಡ ಸೀಮೆ ಕಂಪನಿಯ ಕೈಸೇರಿದ ಮೇಲೂ ಇಂಥ ವಸೂಲಿಗಳು ಬೇರೆ ಬೇರೆ ಹೆಸರಿನಲ್ಲಿ ನಡೆದವು. 1844ರ 19ನೇ ಕಾಯ್ದೆ ಮುಂಬೈ ಪ್ರಾಂತದ ಪೇಟೆ ಸುಂಕಗಳನ್ನೂ ಕಸುಬುಗಳ ಮೇಲಿನ ಪಟ್ಟಿಗಳನ್ನೂ ಒಟ್ಟಿಗೆ ರದ್ದು ಮಾಡಿತು. ಕೈಬಿಟ್ಟ ಹಣವನ್ನು ತುಂಬಿಕೊಳ್ಳಲು ಸರ್ಕಾರ ಉಪ್ಪಿನ ಸುಂಕವನ್ನು ಹೆಚ್ಚಿಸಿತು. ಆ ವರ್ಷವೇ ಸೂರತ್ತಿನಲ್ಲಿ ಉಪ್ಪಿಗಾಗಿ ಗಲಭೆಯಾಯಿತು.

ಇದಾದ ಆರೇ ವರ್ಷಕ್ಕೆ, 1850ರಲ್ಲಿ, 26ನೇ ಕಾಯ್ದೆ ಬಂತು. ಈ ಸಲ ತೆರಿಗೆ ಸರ್ಕಾರದ ಬೊಕ್ಕಸಕ್ಕಲ್ಲ, ಊರಿನ ರಸ್ತೆ, ಗಟಾರ, ದೀಪ, ಕೆರೆಗಳಿಗೆ. ಕಾಯ್ದೆಯ ಒಂದು ಗುಣ ಇಂದು ಓದಿದರೂ ಆಶ್ಚರ್ಯ ಹುಟ್ಟಿಸುತ್ತದೆ. ಅದನ್ನು ಯಾವ ಊರಿನ ಮೇಲೂ ಹೇರುವಂತಿರಲಿಲ್ಲ. ಊರಿನ ನಿವಾಸಿಗಳೇ ಅರ್ಜಿ ಹಾಕಬೇಕು, ಅದು ಜನರ ಇಚ್ಛೆ ಎಂದು ಸರ್ಕಾರಕ್ಕೆ ಮನವರಿಕೆಯಾಗಬೇಕು. ಆ ಮೇಲೆ ಮ್ಯಾಜಿಸ್ಟ್ರೇಟರ ಜೊತೆ ಊರಿನ ಕೆಲವರನ್ನು ಕಮಿಷನರರೆಂದು ನೇಮಿಸಲಾಗುತ್ತಿತ್ತು. ಬೇಕಾದ ಹಣವನ್ನು ಮನೆಗಳ ಮೇಲೆ ಹಾಕುವುದೋ, ಪೇಟೆ ಸುಂಕದಿಂದ ಎತ್ತುವುದೋ ಎಂಬ ಆಯ್ಕೆಯೂ ಇತ್ತು.

ಈ ಆಯ್ಕೆಯ ಹಿಂದೆ ಒಂದು ಪಾಠವಿತ್ತು. 1842ರಲ್ಲಿ ಬಂಗಾಳಕ್ಕೆಂದು ಮಾಡಿದ ಇಂಥದೇ ಕಾಯ್ದೆಯಲ್ಲಿ ಮನೆಗಳ ಮೇಲಿನ ನೇರ ತೆರಿಗೆಯೇ ಆಧಾರ. ಅದು ಒಂದೇ ಒಂದು ಊರಿನಲ್ಲಿ ಜಾರಿಗೆ ಬಂತು. ವಸೂಲಿಗೆ ಹೋದಾಗ ಅಲ್ಲಿನ ಜನ ತೆರಿಗೆ ಕೊಡಲಿಲ್ಲ. ಅದರ ಮೇಲೆ ಅತಿಕ್ರಮ ಪ್ರವೇಶವೆಂದು ಕಲೆಕ್ಟರರ ಮೇಲೇ ದಾವೆ ಹಾಕಿದರು. 1850ರ ಕಾಯ್ದೆ ಪೇಟೆ ಸುಂಕದ ದಾರಿಯನ್ನು ತೆರೆದಿಟ್ಟಿದ್ದರಿಂದಲೇ ಮುಂಬೈ ಪ್ರಾಂತದ ಊರುಗಳಲ್ಲಿ ಅದು ಹಬ್ಬಿತು. ಹುಬ್ಬಳ್ಳಿಯ ಮುನಿಸಿಪಾಲಿಟಿ 1855ರ ಆಗಸ್ಟ್‌ನಲ್ಲಿ, ಧಾರವಾಡದ್ದು 1856ರ ಜನವರಿ 1ರಂದು ಆರಂಭವಾದವು. ಎರಡೂ ಹುಟ್ಟಿದ್ದು ಈ ಕಾಯ್ದೆಯ ಕೆಳಗೇ.

ಸುಂಕದ ದಾರಿ ಹುಬ್ಬಳ್ಳಿಗೆ ಚೆನ್ನಾಗಿ ಒಗ್ಗಿತು. ಹುಬ್ಬಳ್ಳಿ ವ್ಯಾಪಾರದ ಊರು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಗಿ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಪೇಟೆ ಬೆಳೆದಂತೆ ಊರೊಳಗೆ ಬಳಕೆಗೆ ಬರುವ ದವಸ, ತುಪ್ಪ, ಸಕ್ಕರೆಯಂಥ ಸರಕೂ ಬೆಳೆಯಿತು. ಊರಿನ ಅಂಚಿನ ನಾಕಾಗಳಲ್ಲಿ ಗಾಡಿ ನಿಲ್ಲಿಸಿ ಜಕಾತಿ ಎಣಿಸಿಕೊಂಡರೆ ಮುನಿಸಿಪಾಲಿಟಿಯ ಕೆಲಸ ಸಾಗುತ್ತಿತ್ತು. ಜಕಾತಿ ಸಾಮಾನಿನ ಬೆಲೆಯಲ್ಲಿ ಅಡಗಿರುತ್ತದೆ, ಕೊಡುವವನಿಗೆ ನೇರವಾಗಿ ಕಾಣುವುದಿಲ್ಲ. ಮನೆಪಟ್ಟಿಯಾದರೋ ಚೀಟಿ ಹಿಡಿದು ಬಾಗಿಲಿಗೇ ಬರುತ್ತದೆ. ಮುನಿಸಿಪಾಲಿಟಿಯ ಸದಸ್ಯರು ಹೆಚ್ಚಾಗಿ ಮನೆಮಾರು ಉಳ್ಳವರೇ ಆಗಿದ್ದಾಗ ಅವರಿಗೆ ಯಾವುದು ಹಿತವೆನಿಸುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಜಕಾತಿಯ ಭಾರ ತಲೆಗಿಷ್ಟು ಎಂದು ಬಡವರ ಅಡುಗೆಮನೆಯ ಮೇಲೂ ಬೀಳುತ್ತಿತ್ತು. ಮನೆಪಟ್ಟಿ ಕಡಿಮೆಯೇ ಉಳಿಯಿತು.

ಆದರೂ ಮನೆಪಟ್ಟಿಯ ಕಾನೂನು ಆ ಕಾಲದಲ್ಲೇ ಖಚಿತ ರೂಪ ಪಡೆಯಿತು. 1882ರ ಮೇ 18ರಂದು ಲಾರ್ಡ್ ರಿಪ್ಪನ್ ಸರ್ಕಾರದ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಬಂತು. 1884ರ ಕಾಯ್ದೆಯಿಂದ ಮುಂಬೈ ಪ್ರಾಂತದ ಮುನಿಸಿಪಾಲಿಟಿಗಳಿಗೆ ಚುನಾಯಿತ ಸದಸ್ಯರು ಬರತೊಡಗಿದರು. 1901ರ ಮುಂಬೈ ಜಿಲ್ಲಾ ಮುನಿಸಿಪಲ್ ಕಾಯ್ದೆ ತೆರಿಗೆ ಹಾಕುವ ಕ್ರಮವನ್ನು ಬಿಡಿಸಿ ಬರೆಯಿತು. ಸಾಮಾನ್ಯ ಸಭೆಯಲ್ಲಿ ಠರಾವು ಆಗಬೇಕು. ಯಾವ ತೆರಿಗೆ, ಯಾರ ಮೇಲೆ, ಎಷ್ಟು ಎಂಬ ನಿಯಮಗಳನ್ನು ನೋಟೀಸಿನೊಡನೆ ಪ್ರಕಟಿಸಬೇಕು. ಊರಿನ ಯಾವ ನಿವಾಸಿಯಾದರೂ ನಿಗದಿತ ಅವಧಿಯೊಳಗೆ ತಕರಾರು ಬರೆದುಕೊಡಬಹುದು. ಸಭೆ ಆ ತಕರಾರುಗಳನ್ನು ವಿಚಾರಿಸಿ, ತನ್ನ ಅಭಿಪ್ರಾಯವನ್ನೂ ಸೇರಿಸಿ ಮೇಲಕ್ಕೆ ಕಳಿಸಬೇಕು. ಸರ್ಕಾರದ ಒಪ್ಪಿಗೆ ಸಿಕ್ಕ ಮೇಲಷ್ಟೇ ವಸೂಲಿ.

ಈ ಕ್ರಮವನ್ನು ಪ್ರಜಾಪ್ರಭುತ್ವವೆಂದು ಹೊಗಳಲು ನಾನು ಸಿದ್ಧನಿಲ್ಲ. ಮತದ ಹಕ್ಕು ಆಸ್ತಿಗೂ ತೆರಿಗೆಗೂ ಅಂಟಿಕೊಂಡಿತ್ತು. ಹೆಂಗಸರು, ಬಾಡಿಗೆಮನೆಯ ಬಡವರು, ಕೇರಿಯ ಜನ ಬಹುಮಟ್ಟಿಗೆ ಅದರ ಹೊರಗೇ ಇದ್ದರು. ಕೊನೆಯ ಮಾತು ಸರ್ಕಾರದ್ದೇ. ಆದರೂ ದರ ಎಂಬುದು ಊರಿನ ಸಭೆಯಲ್ಲಿ ಹುಟ್ಟಿ, ಊರಿನವರ ತಕರಾರು ಕೇಳಿಸಿಕೊಂಡು ಹೊರಡುತ್ತಿತ್ತು.

ಇನ್ನು ಮನೆಯ ಮೌಲ್ಯ ಎಣಿಸುವುದು ಹೇಗೆ? ಇದಕ್ಕೆ ಉತ್ತರ ಇಂಗ್ಲೆಂಡಿನಿಂದ ಬಂತು. ಅಲ್ಲಿನ 1836ರ ಕಾನೂನು, ಒಂದು ಮನೆಯನ್ನು ವರ್ಷದ ಬಾಡಿಗೆಗೆ ಕೊಟ್ಟರೆ ಸಾಮಾನ್ಯವಾಗಿ ಎಷ್ಟು ಬರಬಹುದೋ ಅದೇ ತೆರಿಗೆಯ ಆಧಾರ ಎಂದಿತ್ತು. ಮನೆಯಲ್ಲಿ ಮಾಲೀಕನೇ ಇದ್ದರೂ ಕಾನೂನು ಒಬ್ಬ ಬಾಡಿಗೆದಾರನನ್ನು ಕಲ್ಪಿಸಿಕೊಳ್ಳುತ್ತದೆ. ಮುಂಬೈ ಪ್ರಾಂತದ ಕಾಯ್ದೆಗಳ ಮೂಲಕ ಈ ಕಲ್ಪಿತ ಬಾಡಿಗೆದಾರ ನಮ್ಮ ಓಣಿಗಳಿಗೂ ಬಂದ. ಬಾಡಿಗೆಯಲ್ಲಿ ರಿಪೇರಿಗೆಂದು ಶೇ 10 ಕಳೆದು, ಉಳಿದದ್ದರ ಮೇಲೆ ಇಷ್ಟು ಶೇಕಡಾ ಎಂದು ಪಟ್ಟಿ ಹಾಕುವ ಪದ್ಧತಿ ಸುಮಾರು ಒಂದು ಶತಮಾನ ನಡೆಯಿತು. ಕಲ್ಪಿತ ಬಾಡಿಗೆ ಎಷ್ಟೆಂದು ಹೇಳುವ ಅಧಿಕಾರ ಮಾತ್ರ ಮನೆ ನೋಡಲು ಬಂದ ನೌಕರನ ಕಣ್ಣಳತೆಯಲ್ಲಿತ್ತು. ಒಂದೇ ಓಣಿಯ ಒಂದೇ ಬಗೆಯ ಎರಡು ಮನೆಗಳಿಗೆ ಎರಡು ಬಗೆಯ ಪಟ್ಟಿ ಬರಲು ಇಷ್ಟು ಸಾಕು.

ಸ್ವಾತಂತ್ರ್ಯದ ನಂತರ ಈ ಪದ್ಧತಿಗೆ ಬಾಡಿಗೆ ನಿಯಂತ್ರಣದ ಕಾನೂನುಗಳು ಅಡ್ಡಬಂದವು. ನಮ್ಮ ಕಡೆ ಮೊದಲು ಮುಂಬೈಯ 1947ರ ಕಾಯ್ದೆ, ಆಮೇಲೆ ಕರ್ನಾಟಕದ 1961ರ ಕಾಯ್ದೆ. ಬಾಡಿಗೆದಾರನನ್ನು ರಕ್ಷಿಸಲು ಬಾಡಿಗೆಗೆ ಮಿತಿ ಹಾಕಿದಾಗ, ಬಾಡಿಗೆಯನ್ನೇ ನಂಬಿದ್ದ ತೆರಿಗೆಗೂ ಮಿತಿ ಬಿತ್ತು. ಕೋಲ್ಕತ್ತಾ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿ ಈ ನಿಲುವು ತಳೆಯಿತು. 1979ರ ದೆಹಲಿ ಪ್ರಕರಣದಲ್ಲಿ ಅದು ಇನ್ನಷ್ಟು ಗಟ್ಟಿಯಾಯಿತು. ಪೇಟೆಯ ನಡುವಿನ ಹಳೆಯ ಕಟ್ಟಡದ ಬೆಲೆ ಎಷ್ಟೇ ಏರಿದರೂ ಪಟ್ಟಿ ಹಳೆಯ ಬಾಡಿಗೆಯ ಲೆಕ್ಕದಲ್ಲೇ ಉಳಿಯಿತು. ಹೊಸ ಬಡಾವಣೆಯಲ್ಲಿ ಸಾಲ ಮಾಡಿ ಚಿಕ್ಕ ಮನೆ ಕಟ್ಟಿದವರು ಅದಕ್ಕಿಂತ ಹೆಚ್ಚು ಕೊಡುವ ಸಂದರ್ಭವೂ ಬರುತ್ತಿತ್ತು. 1994ರಲ್ಲಿ ನಮ್ಮ ನೆರೆಯ ಬೆಳಗಾವಿ ಪಾಲಿಕೆಯ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಈ ಹಳೆಯ ನಿಲುವನ್ನು ಮತ್ತೆ ಪರಿಶೀಲಿಸಬೇಕೆಂಬ ಮಾತು ನ್ಯಾಯಪೀಠದಿಂದಲೇ ಬಂತು.

ಅಷ್ಟರಲ್ಲಿ ಎರಡು ದೊಡ್ಡ ಸಂಗತಿಗಳು ನಡೆದಿದ್ದವು. ಒಂದು, 1962ರಲ್ಲಿ ಸುಮಾರು 20 ಕಿಲೋಮೀಟರ್ ಅಂತರದ ಎರಡು ಊರುಗಳನ್ನು ಕೂಡಿಸಿ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ಮಾಡಿದರು. ಉಣಕಲ್, ನವಲೂರು, ಸತ್ತೂರು, ರಾಯಾಪುರದಂಥ ಹಳ್ಳಿಗಳೂ ಒಳಗೆ ಬಂದವು. ಪೇರಲ ತೋಟದ ನವಲೂರಿಗೂ ಹುಬ್ಬಳ್ಳಿಯ ಪೇಟೆಗೂ ಒಂದೇ ಸಭೆ, ಒಂದೇ ಬೊಕ್ಕಸ. ಎರಡು, 1979ರಲ್ಲಿ ಕರ್ನಾಟಕ ಜಕಾತಿಯನ್ನು ರದ್ದು ಮಾಡಿತು. ಅದರ ಬದಲು ಬಂದ ಪ್ರವೇಶ ತೆರಿಗೆಯನ್ನು ರಾಜ್ಯ ಸರ್ಕಾರ ತಾನೇ ವಸೂಲು ಮಾಡಿ ಸ್ಥಳೀಯ ಸಂಸ್ಥೆಗಳಿಗೆ ಅನುದಾನವಾಗಿ ಕೊಡತೊಡಗಿತು. ನಾಕಾಗಳಲ್ಲಿ ಲಾರಿಗಳ ಸಾಲು ತಪ್ಪಿದ್ದು ವ್ಯಾಪಾರಕ್ಕೆ ಒಳ್ಳೆಯದೇ ಆಯಿತು. ಆದರೆ ಹುಬ್ಬಳ್ಳಿಯಂಥ ವ್ಯಾಪಾರದ ಊರು ತನ್ನ ಪೇಟೆಯ ಬೆಳವಣಿಗೆಯಿಂದ ನೇರವಾಗಿ ಹಣ ಎತ್ತುವ ಹಕ್ಕನ್ನು ಕಳೆದುಕೊಂಡಿತು. ಅದಕ್ಕೆ ತನ್ನದೆಂದು ಉಳಿದ ದೊಡ್ಡ ತೆರಿಗೆ ಮನೆಪಟ್ಟಿಯೊಂದೇ, ಅದೂ ಹಳೆಯ ಬಾಡಿಗೆಗಳಲ್ಲಿ ಸಿಕ್ಕಿಬಿದ್ದದ್ದು.

ಈ ಬಿಕ್ಕಟ್ಟಿಗೆ 2000ದ ದಶಕದ ಆರಂಭದಲ್ಲಿ ಒಂದು ಪರಿಹಾರ ಬಂತು. ಕಲ್ಪಿತ ಬಾಡಿಗೆದಾರನನ್ನು ಕೈಬಿಟ್ಟು ಬಂಡವಾಳ ಮೌಲ್ಯದ ಪದ್ಧತಿಯನ್ನು ತಂದರು. ಕರ್ನಾಟಕ ಮುದ್ರಾಂಕ ಕಾಯ್ದೆಯಡಿ, ಆಸ್ತಿಯ ಖರೀದಿ ನೋಂದಣಿಗಾಗಿ ಸರ್ಕಾರ ಪ್ರಕಟಿಸುವ ಮಾರ್ಗಸೂಚಿ ಬೆಲೆಯೇ ಇಲ್ಲಿ ಆಧಾರ. ನಿವೇಶನಕ್ಕೆ ಆ ಬೆಲೆಯ ಅರ್ಧ, ಕಟ್ಟಡಕ್ಕೆ ಅದರ ವಯಸ್ಸಿನ ಸವಕಳಿ ಕಳೆದ ಮೌಲ್ಯ. ಎರಡೂ ಸೇರಿದ ಮೊತ್ತದ ಮೇಲೆ ಶೇ 0.3ಕ್ಕಿಂತ ಕಡಿಮೆಯಾಗದಂತೆ, ಶೇ 1.5 ಮೀರದಂತೆ ಪಾಲಿಕೆ ದರ ಗೊತ್ತುಮಾಡಬೇಕು. ಲೆಕ್ಕವನ್ನು ಮಾಲೀಕನೇ ಹಾಕಿ, ಫಾರ್ಮು ತುಂಬಿ ಹಣ ಕಟ್ಟುತ್ತಾನೆ. ಮನೆ ನೋಡಲು ಬರುವವನ ಕಣ್ಣಳತೆ ಇದರಿಂದ ತಪ್ಪಿತು. ಇದು ಸಣ್ಣ ಲಾಭವಲ್ಲ.

ಒಂದು ಉದಾಹರಣೆ ಹಾಕಿ ನೋಡಬಹುದು. ತೆರಿಗೆಗೆ ಸಲ್ಲುವ ಮೌಲ್ಯ 10 ಲಕ್ಷ ಎಂದಿಟ್ಟುಕೊಳ್ಳಿ. ಶೇ 0.3ರ ದರದಲ್ಲಿ ತೆರಿಗೆ 3,000 ರೂಪಾಯಿ, ಶೇ 1.5ರಲ್ಲಿ 15,000 ರೂಪಾಯಿ. ಈ ಎರಡು ಗೆರೆಗಳ ನಡುವಿನ ಜಾಗವೇ ನಗರಸಭೆಯ ಸ್ವಾತಂತ್ರ್ಯ. ನೋಡಲು ಅದು ಸಾಕಷ್ಟು ವಿಶಾಲ. ಆದರೆ ಗೆರೆ ಎಳೆದವರು ಬೆಂಗಳೂರಿನಲ್ಲಿದ್ದಾರೆ. ಲೆಕ್ಕದ ತಳದಲ್ಲಿರುವ ಮಾರ್ಗಸೂಚಿ ಬೆಲೆಯೂ ಪಾಲಿಕೆಯದಲ್ಲ, ಅದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯದು. ಮೌಲ್ಯ 12 ಲಕ್ಷವೆಂದು ತಿದ್ದಿದರೆ ದರ ಕದಲದಿದ್ದರೂ ತೆರಿಗೆ 3,600 ಆಗುತ್ತದೆ. ಹೀಗೆ ಪ್ರತಿವರ್ಷ ಏರುಪೇರಾಗಬಾರದೆಂದು ಕಾಯ್ದೆ ಇನ್ನೊಂದು ಏರ್ಪಾಟು ಮಾಡಿತು: ಆರಂಭದಲ್ಲಿ ಒಮ್ಮೆ ಗೊತ್ತಾದ ತೆರಿಗೆ ಮೂರು ವರ್ಷಕ್ಕೊಮ್ಮೆ ತಾನಾಗಿ ಶೇ 15 ಏರಬೇಕು, ಪಾಲಿಕೆ ಬಯಸಿದರೆ ಶೇ 30ರವರೆಗೂ ಏರಿಸಬಹುದು.

‘ತಾನಾಗಿ’ ಎಂಬ ಈ ಮಾತು ನನ್ನನ್ನು ಬಹಳ ಕಾಡುತ್ತದೆ. ಏರಿಕೆ ಕಾಯ್ದೆಯದೇ ಆದ ಮೇಲೆ ಸದಸ್ಯರು ಮತದಾರರ ಎದುರು ಅದನ್ನು ಸಮರ್ಥಿಸಬೇಕಿಲ್ಲ. ಏರಿಸದಿದ್ದರೆ ಬೊಕ್ಕಸ ಖಾಲಿ, ಏರಿಸಿದರೆ ಮುಂದಿನ ಚುನಾವಣೆಯಲ್ಲಿ ಸೋಲು ಎಂಬ ಭಯ ಯಾವ ಸದಸ್ಯನಿಗೂ ಸಹಜ. ಆ ಭಯಕ್ಕೆ ಇದು ಒಳ್ಳೆಯ ಮದ್ದು ಎಂದು ವಾದಿಸುವವರಿದ್ದಾರೆ, ಅದರಲ್ಲಿ ಹುರುಳೂ ಇದೆ. ಕ್ಯಾಲಿಫೋರ್ನಿಯಾದಲ್ಲಿ 1978ರ ಜೂನ್‌ನಲ್ಲಿ ಮತದಾರರೇ ಮತ ಹಾಕಿ ಆಸ್ತಿ ತೆರಿಗೆಯನ್ನು ಮೌಲ್ಯದ ಶೇ 1ಕ್ಕೂ, ಮೌಲ್ಯದ ವಾರ್ಷಿಕ ಏರಿಕೆಯನ್ನು ಶೇ 2ಕ್ಕೂ ಕಟ್ಟಿಹಾಕಿದರು. ಅದು ಸರಿಯೋ ತಪ್ಪೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ ಅಲ್ಲಿ ಕಟ್ಟು ಹಾಕಿದವರು ಪಟ್ಟಿ ತುಂಬುವ ಜನರೇ. ನಮ್ಮಲ್ಲಿ ಏರಿಕೆಯೂ ಮಿತಿಯೂ ಮೇಲಿನಿಂದ ಬಂದವು. ಸಭೆಗೆ ಹೇಳುವಂಥದು ಹೆಚ್ಚೇನೂ ಉಳಿಯಲಿಲ್ಲ.

ಸಂವಿಧಾನದಲ್ಲಿ ಇದಕ್ಕೆ ದಾರಿ ಮೊದಲೇ ಇತ್ತು. ಭೂಮಿ ಮತ್ತು ಕಟ್ಟಡಗಳ ಮೇಲಿನ ತೆರಿಗೆ ರಾಜ್ಯಪಟ್ಟಿಯ 49ನೇ ನಮೂದು. 1993ರ ಜೂನ್‌ನಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ನಗರಸಭೆಗಳಿಗೆ ಗೌರವದ ಸ್ಥಾನ ಕೊಟ್ಟಿತು. ಆದರೆ ತೆರಿಗೆಯ ಮಾತು ಬಂದಾಗ, ರಾಜ್ಯ ಶಾಸನಸಭೆ ಬೇಕಾದರೆ ಅಧಿಕಾರ ಕೊಡಬಹುದು ಎಂದಷ್ಟೇ ಹೇಳಿತು. ಮನೆಪಟ್ಟಿಯ ವಿಷಯದಲ್ಲಿ ನಗರಸಭೆಯ ಕೈಯಲ್ಲಿರುವುದು ಎರವಲು ಅಧಿಕಾರ.

ಮುಂದಿನ ಹೆಜ್ಜೆ ದೆಹಲಿಯಿಂದ ಬಂತು. 2020ರ ಮೇ ತಿಂಗಳಲ್ಲಿ, ಕೋವಿಡ್ ನಡುವೆ, ಕೇಂದ್ರ ಸರ್ಕಾರ ರಾಜ್ಯಗಳ ಸಾಲದ ಮಿತಿಯನ್ನು ಏರಿಸಿತು. ಹೆಚ್ಚುವರಿ ಸಾಲದ ಒಂದು ಭಾಗಕ್ಕೆ ನಗರಾಡಳಿತದ ಸುಧಾರಣೆಯ ಷರತ್ತು ಹಾಕಿತು. ಆಸ್ತಿ ತೆರಿಗೆಯ ಕನಿಷ್ಠ ದರವನ್ನು ಮಾರ್ಗಸೂಚಿ ಬೆಲೆಗೆ ಹೊಂದಿಸಿ ಪ್ರಕಟಿಸಬೇಕೆಂಬುದು ಅವುಗಳಲ್ಲೊಂದು. 15ನೇ ಹಣಕಾಸು ಆಯೋಗವೂ ನಗರಗಳ ಅನುದಾನಕ್ಕೆ ಇಂಥದೇ ಷರತ್ತು ಹಾಕಿತು. ಕರ್ನಾಟಕ ತನ್ನ ಕಾಯ್ದೆಗಳನ್ನು ತಿದ್ದಿತು. ಮಾರ್ಗಸೂಚಿ ಬೆಲೆಯ ಶೇ 25 ಹೊಸ ಆಧಾರವಾಯಿತು. ಮೂರು ವರ್ಷಕ್ಕೊಮ್ಮೆಯ ಏರಿಕೆ ಹೋಗಿ, ಪ್ರತಿವರ್ಷ ಶೇ 3ರಿಂದ 5ರವರೆಗಿನ ಏರಿಕೆ ಬಂತು.

ಈ ತಿದ್ದುಪಡಿ ಬಂದಾಗ ಹುಬ್ಬಳ್ಳಿ-ಧಾರವಾಡದಲ್ಲಿ ಚುನಾಯಿತ ಸಭೆಯೇ ಇರಲಿಲ್ಲ. ಹಿಂದಿನ ಸಭೆಯ ಅವಧಿ 2019ರ ಮಾರ್ಚ್‌ನಲ್ಲಿ ಮುಗಿದಿತ್ತು. 82 ವಾರ್ಡುಗಳಿಗೆ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್ 3ರಂದು. ಗೆದ್ದವರು ಮೇಯರನ್ನು ಆರಿಸಿದ್ದು ಅದಕ್ಕೂ ತಡವಾಗಿ, 2022ರ ಮೇ ತಿಂಗಳಲ್ಲಿ. ಮೂರು ವರ್ಷಕ್ಕೂ ಹೆಚ್ಚು ಕಾಲ ಸಭೆಯ ಅಧಿಕಾರ ಆಡಳಿತಾಧಿಕಾರಿಯ ಮೇಜಿನಲ್ಲಿತ್ತು. 1901ರ ಕಾಯ್ದೆಯ ಕಾಲದಲ್ಲಿ ಪರಕೀಯ ಸರ್ಕಾರ ಕೂಡ ಕೇಳುತ್ತಿದ್ದ ಠರಾವು ಈ ಅವಧಿಯಲ್ಲಿ ಒಬ್ಬ ಅಧಿಕಾರಿಯ ಸಹಿಯಾಗಿತ್ತು. ಮನೆಪಟ್ಟಿಯ ನೂರೆಪ್ಪತ್ತು ವರ್ಷಗಳಲ್ಲಿ ಅತಿ ದೊಡ್ಡ ಬದಲಾವಣೆಗಳಲ್ಲೊಂದು ಬಂದಾಗ ಅದನ್ನು ಪ್ರಶ್ನಿಸಲು ಎದ್ದುನಿಲ್ಲಬೇಕಾದ ಸದಸ್ಯರೇ ಇರಲಿಲ್ಲ.

ದರದ ಆಚೆಗೂ ಪಾಲಿಕೆಯ ಕೈ ಮೀರಿದ ಸಂಗತಿಗಳಿವೆ. ಸಂವಿಧಾನದ 285ನೇ ವಿಧಿಯಂತೆ ಕೇಂದ್ರದ ಆಸ್ತಿಗೆ ಸ್ಥಳೀಯ ತೆರಿಗೆ ಇಲ್ಲ. 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ನಿಲ್ದಾಣ, ಕಾರ್ಯಾಗಾರ, ವಸತಿಗೃಹಗಳ ಅಷ್ಟು ದೊಡ್ಡ ನೆಲದಿಂದ ಸೇವಾಶುಲ್ಕ ಕೇಳಬಹುದೇ ಹೊರತು ಮನೆಪಟ್ಟಿ ಅಲ್ಲ. ಗುಡಿ, ಮಸೀದಿ, ಚರ್ಚುಗಳಿಗೂ ಶಿಕ್ಷಣ ಸಂಸ್ಥೆಗಳ ಕಟ್ಟಡಗಳಿಗೂ ಕಾಯ್ದೆಯಲ್ಲಿ ವಿನಾಯಿತಿಗಳಿವೆ. ವಿದ್ಯಾಕಾಶಿ ಎನಿಸಿಕೊಂಡ ಧಾರವಾಡಕ್ಕೆ ಈ ಹಿರಿಮೆಯ ಇನ್ನೊಂದು ಮಗ್ಗುಲು ಇದು. ಶಾಲೆ ಕಾಲೇಜುಗಳಿಂದ ಊರು ಬೆಳೆಯುತ್ತದೆ. ಅವುಗಳ ಮುಂದಿನ ರಸ್ತೆ, ಗಟಾರಗಳ ಖರ್ಚು ಸುತ್ತಲಿನ ಮನೆ, ಅಂಗಡಿ, ಖಾನಾವಳಿ, ಬಾಡಿಗೆ ಕೋಣೆಗಳ ಮೇಲೆ ಬೀಳುತ್ತದೆ. ಬಾಡಿಗೆ ಕೋಣೆಯ ವಿದ್ಯಾರ್ಥಿಗೆ ಪಟ್ಟಿಯ ಚೀಟಿ ಬರುವುದಿಲ್ಲ, ಆದರೆ ಅವನು ಕೊಡುವ ಬಾಡಿಗೆಯಲ್ಲಿ ಅದು ಸೇರಿರುತ್ತದೆ.

ತುಂಬಿದ ಹಣವೆಲ್ಲ ಊರಿನದೂ ಅಲ್ಲ. ಮನೆಪಟ್ಟಿಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3, ನಗರ ಸಾರಿಗೆ ಕರ ಶೇ 2 ಸೇರುತ್ತವೆ. 3,000 ರೂಪಾಯಿಯ ಪಟ್ಟಿ ಹೀಗೆ 3,780 ಆಗುತ್ತದೆ. ಇದರಲ್ಲಿ 180 ರೂಪಾಯಿ, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ, ಪುಸ್ತಕಗಳಿಗೆ. ನಮ್ಮ ಸಾರ್ವಜನಿಕ ವಾಚನಾಲಯಗಳಲ್ಲಿ ಕೂತು ಓದಿದವರು ಯಾರದೋ ಮನೆಪಟ್ಟಿಯ ಋಣದಲ್ಲಿದ್ದಾರೆ. ಈ ಕರಗಳ ದರವೂ ಪಾಲಿಕೆ ಹಾಕಿದ್ದಲ್ಲ. ಅದು ವಸೂಲಿ ಮಾಡಿ ಬೇರೆಯವರಿಗೆ ದಾಟಿಸಬೇಕು. ಚಲನ್ ನೋಡಿ ಜನ ಬಯ್ಯುವುದು ಮಾತ್ರ ಪಾಲಿಕೆಯನ್ನೇ.

2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಈ ಬೇಡಿಕೆಯ ಹಿಂದೆ ಹಲವು ವರ್ಷಗಳ ಹೋರಾಟವಿತ್ತು. ನಮ್ಮ ಪಟ್ಟಿ ನಮ್ಮ ಊರಿಗೇ ಖರ್ಚಾಗಲಿ ಎಂಬ ಆಸೆಯೂ ಅದರಲ್ಲಿತ್ತು. ಆ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಬೊಕ್ಕಸ ಬೇರೆಯಾದ ಮಾತ್ರಕ್ಕೆ ದರ ನಮ್ಮದಾಗುವುದಿಲ್ಲ. ಮಾರ್ಗಸೂಚಿ ಬೆಲೆ ಇಲಾಖೆಯದು, ಮೇಲಿನ ಕೆಳಗಿನ ಗೆರೆಗಳು ಶಾಸನಸಭೆಯವು, ಷರತ್ತು ಕೇಂದ್ರದ್ದು. ಪೇಟೆಯ ಆದಾಯ ಹುಬ್ಬಳ್ಳಿಯ ಪಾಲಾದ ಮೇಲೆ ವಿನಾಯಿತಿಯ ಕಟ್ಟಡಗಳು ಹೆಚ್ಚಿರುವ ಧಾರವಾಡ ತನ್ನ ಕಾಲ ಮೇಲೆ ನಿಲ್ಲುವುದು ಇನ್ನೂ ಕಷ್ಟವಾಗಬಹುದು.

ಹಾಗೆಂದು ಸಭೆಗೆ ಏನೂ ಉಳಿದಿಲ್ಲ ಎನ್ನುವಂತಿಲ್ಲ. ತೆರಿಗೆ ನಿರ್ಧಾರ, ಹಣಕಾಸು ಮತ್ತು ಅಪೀಲುಗಳ ಸ್ಥಾಯಿ ಸಮಿತಿ ಇಂದಿಗೂ ಇದೆ. ವರ್ಷಕ್ಕೆ ಶೇ 3 ಏರಿಸಬೇಕೋ 5 ಏರಿಸಬೇಕೋ ಎಂಬ ಆಯ್ಕೆ ಇದೆ. 3,000 ರೂಪಾಯಿ ತುಂಬುವ ಮನೆಗೆ ಏರಿಕೆ 90 ರೂಪಾಯಿ ಅಥವಾ 150 ರೂಪಾಯಿ. ನಡುವಿನ ಅಂತರ 60 ರೂಪಾಯಿ. ನೂರೆಪ್ಪತ್ತು ವರ್ಷಗಳ ನಂತರ ಈ ಮನೆಯ ವಿಷಯದಲ್ಲಿ ಸಭೆ ವರ್ಷ ವರ್ಷ ಚರ್ಚಿಸಬಹುದಾದ ಮೊತ್ತ ಇಷ್ಟು.

ಕಡಿಮೆಯೇ, ಆದರೆ ಚರ್ಚೆಗೆ ಸಾಲದಷ್ಟು ಕಡಿಮೆಯಲ್ಲ. ಒಂದು ವಾರ್ಡಿನ ಮನೆಗಳನ್ನೆಲ್ಲ ಕೂಡಿಸಿದರೆ ಆ 60 ರೂಪಾಯಿಗಳಿಂದ ಒಂದು ಗಟಾರ ದುರಸ್ತಿಯಾಗಬಹುದು, ಬೀದಿದೀಪಗಳು ಉರಿಯಬಹುದು. ಏಪ್ರಿಲ್ ಬಂದರೆ ಬೇಗ ತುಂಬಿದವರಿಗೆ ಶೇ 5 ರಿಯಾಯಿತಿ ಎಂಬ ಪ್ರಚಾರ ಕೇಳಿಸುತ್ತದೆ. ತಡಮಾಡಿದವರಿಗೆ ತಿಂಗಳಿಗೆ ಶೇ 2 ದಂಡ ಎಂಬ ಎಚ್ಚರಿಕೆಯೂ ಕೇಳಿಸುತ್ತದೆ. ಎರಡು ಪಾಲಿಕೆಗಳ ಹೊಸ ಸದಸ್ಯರಿಂದ ನಾನು ಬಯಸುವುದು ಈ ಪ್ರಚಾರಕ್ಕೂ ಮೊದಲಿನ ಒಂದು ಕೆಲಸವನ್ನು. ಶೇ 5 ಬೇಕೆಂದರೆ, ಹೆಚ್ಚಿನ ಆ 60 ರೂಪಾಯಿಯಲ್ಲಿ ಯಾವ ವಾರ್ಡಿನಲ್ಲಿ ಯಾವ ಕೆಲಸ ಆಗುತ್ತದೆಂದು ಬರೆದು ವಾರ್ಡಿನ ಜನರ ಮುಂದಿಡಲಿ. ಶೇ 3 ಸಾಕೆಂದರೆ ಯಾವ ಕೆಲಸ ಆಗುವುದಿಲ್ಲ ಎಂಬುದನ್ನೂ ಬರೆಯಲಿ. ತಕರಾರು ಇದ್ದವರು ಅಲ್ಲೇ ಎದ್ದು ಹೇಳಲಿ. ಓಣಿಯ ಹುಡುಗರು ಗಣಪತಿ ಪಟ್ಟಿಗೆ ವರ್ಷವೂ ಮಾಡುವ ಈ ಕೆಲಸಕ್ಕೆ ಯಾವ ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ.